ರುಮಾಲೆಯವರ ಹೂಮರಗಳು

ದೊಡ್ಡಬಳ್ಳಾಪುರದಲ್ಲಿ 1910ರಲ್ಲಿ ಜನಿಸಿದ ರುಮಾಲೆ ಚೆನ್ನಬಸವಯ್ಯನವರು ಚಿತ್ರಕಲೆಯನ್ನು ಅಭ್ಯಸಿಸಿದವರಾದರೂ ಸ್ವಾತಂತ್ರ್ಯ ಸಂಗ್ರಾಮದ ಕರೆಗೆ ಓಗೊಟ್ಟು ಕುಂಚವನ್ನು ಬದಿಗಿರಿಸಿದರು. ಸೆರೆಮನೆ, ಪತ್ರಿಕೆ, ಲೋಕಸೇವೆಗಳಲ್ಲಿ ಹರೆಯವು ಸಂದಿತು. ಐವತ್ತು ದಾಟಿದ ಮೇಲೆ ಅವರು ಮತ್ತೆ ಕುಂಚ ಹಿಡಿದು ನಿಂತುದು ಬೆಂಗಳೂರಿನ ಹೂಮರಗಳ ಮುಂದೆ.

ಫ್ರಾನ್ಸಿನ ಕ್ಲೋಡ್ ಮೋನೆ ಮುಪ್ಪಿನಲ್ಲಿ ಕಣ್ಣಿಗೆ ಪೊರೆ ಕವಿದರೂ ಜಿವರ್ನಿಯ ತನ್ನ ಹೂದೋಟವನ್ನು ಚಿತ್ರಿಸುವುದನ್ನು ಬಿಡಲಿಲ್ಲ. ಅಂತಹುದೇ ನಿಷ್ಠೆ ರುಮಾಲೆಯವರದು. ಎಸಳನ್ನೆಣಿಸಿ ತೋರುವುದು ಅವರ ರೀತಿಯಲ್ಲ. ಹತ್ತಿರದಿಂದ ಕಂಡರೆ ಬರಿಯ ದಟ್ಟ ವರ್ಣಲೇಪ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬಿಸಿಲಿನಲ್ಲಿ ಮೈದುಂಬಿದ ಮರ!

1988ರಲ್ಲಿ ಅವರು ಕಾಲವಾದರು. ನಗರದ ಸಾಲುಮರಗಳು ಬಹಳವಾಗಿ ಅಳಿದಿರುವ ಇಂದು ಆ ಚಿತ್ರಗಳು ಸೌಂದರ್ಯವಷ್ಟೇ ಅಲ್ಲ, ಸಾಕ್ಷ್ಯವೂ ಹೌದು. ಮರ ಹೂಬಿಟ್ಟಾಗ ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ ನೋಡಲು ಕಲಿಸುವ ಉಪಾಧ್ಯಾಯನು ಆ ಸಾಕ್ಷ್ಯಕ್ಕೆ ವಾರಸುದಾರರನ್ನು ಒದಗಿಸುತ್ತಾನೆ.