ಆರೋಗ್ಯ ಪ್ರಶ್ನೋತ್ತರ: ಶುಗರ್‌ಫ್ರೀ ಗಮ್ಮಿನೊಳಗೆ ಏನೇನಿದೆ?

ಹುಳುಕು ಹಲ್ಲಿನ ಬಗ್ಗೆ ಹಿಂದೊಮ್ಮೆ ಬರೆಯುವಾಗ, ಊಟವಾದ ಮೇಲೆ ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್ ಅಗಿದರೆ ತಪ್ಪೇನಿಲ್ಲ ಎಂದು ಒಂದು ಸಾಲು ಸೇರಿಸಿದ್ದೆ. ಲೇಖನದ ಉಳಿದ ಭಾಗವನ್ನು ಯಾರೂ ಕೇಳಲಿಲ್ಲ, ಆ ಒಂದು ಸಾಲಿಗೇ ಪತ್ರಗಳು ಬಂದವು. ಕೆಲವಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ನನಗೆ 29 ವರ್ಷ, ಸಾಫ್ಟ್‌ವೇರ್ ಕೆಲಸ. ನಾಲ್ಕು ತಿಂಗಳಿಂದ ಹೊಟ್ಟೆ ಉಬ್ಬರ, ದಿನಕ್ಕೆ ಮೂರ್ನಾಲ್ಕು ಸಲ ನೀರುನೀರಾಗಿ ಭೇದಿ. ಜಂತುಹುಳುವಿನ ಮಾತ್ರೆ, ಅಮೀಬಾ ಮಾತ್ರೆ ಎರಡೂ ಆಯಿತು. ಹಾಲು ಬಿಟ್ಟೆ, ಗೋಧಿ ಬಿಟ್ಟೆ. ಸಿಗರೇಟು ಬಿಟ್ಟ ಮೇಲೆ ಶುಗರ್‌ಫ್ರೀ ಗಮ್ ಅಗಿಯುತ್ತೇನೆ. ದಿನಕ್ಕೆ ಹದಿನೈದು, ಇಪ್ಪತ್ತು ಆಗುತ್ತದೆ. ಅದರಿಂದ ಹೀಗಾಗುತ್ತದೆಯೇ? (ಓದುಗ, ಬೆಂಗಳೂರು)

ಉತ್ತರ: ಆಗುತ್ತದೆ. ನಿಮ್ಮ ಪೊಟ್ಟಣದ ಹಿಂಬದಿ ನೋಡಿ. ಸಾರ್ಬಿಟಾಲ್ (420), ಮ್ಯಾನಿಟಾಲ್ (421), ಮಾಲ್ಟಿಟಾಲ್ (965), ಕ್ಸೈಲಿಟಾಲ್ (967), ಈ ಪೈಕಿ ಒಂದೋ ಎರಡೋ ಇದ್ದೇ ಇರುತ್ತವೆ. ಇವಕ್ಕೆ ಒಟ್ಟಾಗಿ ಪಾಲಿಯಾಲ್ ಎನ್ನುತ್ತಾರೆ. ಗಮ್ಮಿಗೆ ಸಿಹಿಯನ್ನೂ ಮೈಯನ್ನೂ ಕೊಡುವುದು ಇವೇ. ಸಣ್ಣಕರುಳು ಇವನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ. ಉಳಿದದ್ದು ನೀರನ್ನು ಎಳೆದುಕೊಂಡು ದೊಡ್ಡಕರುಳಿಗೆ ಇಳಿಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಯಿಸಿ ಗಾಳಿ ಎಬ್ಬಿಸುತ್ತವೆ. ಉಬ್ಬರ, ಭೇದಿ ಎರಡಕ್ಕೂ ಲೆಕ್ಕ ಸಿಕ್ಕಿತಲ್ಲ. ‘ಪಾಲಿಯಾಲ್‌ನಿಂದ ಭೇದಿಯಾಗಬಹುದು’ ಎಂಬ ಎಚ್ಚರಿಕೆ ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತದೆ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ.

2008ರಲ್ಲಿ ಬರ್ಲಿನ್ನಿನ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಂಥದೇ ಇಬ್ಬರು ರೋಗಿಗಳ ಬಗ್ಗೆ ಬರೆದರು. 21ರ ಯುವತಿ 11 ಕಿಲೋ ಇಳಿದಿದ್ದಳು, 46ರ ಗಂಡಸು 22 ಕಿಲೋ. ಪರೀಕ್ಷೆಗಳ ಮೇಲೆ ಪರೀಕ್ಷೆ ನಡೆದವು. ಕೊನೆಗೆ ದಿನವೂ ಏನೇನು ತಿನ್ನುತ್ತೀರಿ ಎಂದು ಬಿಡಿಸಿ ಕೇಳಿದಾಗ ಹೊರಬಿದ್ದದ್ದು ಸಾರ್ಬಿಟಾಲ್: ಗಮ್ಮು, ಮಿಠಾಯಿಗಳಿಂದ ದಿನಕ್ಕೆ 20, 30 ಗ್ರಾಂ. ಅದನ್ನು ನಿಲ್ಲಿಸಿದ ಮೇಲೆ ಭೇದಿ ನಿಂತಿತು, ತೂಕ ಮರಳಿತು. ಒಂದು ಗಮ್ಮಿನಲ್ಲಿ ಇರುವುದು ಸುಮಾರು ಒಂದೂಕಾಲು ಗ್ರಾಂ. ಇಪ್ಪತ್ತರಿಂದ ಗುಣಿಸಿ ನೋಡಿ.

ಒಂದು ವಾರ ಗಮ್ ಪೂರ್ತಿ ನಿಲ್ಲಿಸಿ. ಸಿಗರೇಟಿಗೆ ಮಾತ್ರ ಮರಳಬೇಡಿ. ಅದನ್ನು ಬಿಟ್ಟದ್ದಕ್ಕೆ ನಿಮ್ಮ ಬೆನ್ನು ತಟ್ಟುತ್ತೇನೆ. ಆದರೆ ಯಾರನ್ನೂ ಕೇಳದೆ ಗೋಧಿ ಬಿಟ್ಟದ್ದಕ್ಕೆ ಬೈಯಲೇಬೇಕು. ಗೋಧಿ ಬಿಟ್ಟ ಮೇಲೆ ಸೀಲಿಯಾಕ್ ಕಾಯಿಲೆಗೆ ರಕ್ತಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲವೆಂದು ಬರಬಹುದು. ಗಮ್ ನಿಲ್ಲಿಸಿಯೂ ಭೇದಿ ನಿಲ್ಲದಿದ್ದರೆ, ತೂಕ ಇಳಿದಿದ್ದರೆ, ಮಲದಲ್ಲಿ ರಕ್ತ ಕಂಡರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿಯಾದರೆ ಮಲಪರೀಕ್ಷೆ, ರಕ್ತದ ಪೂರ್ಣ ಎಣಿಕೆ, ಥೈರಾಯ್ಡ್, ಸೀಲಿಯಾಕ್ ಎಲ್ಲವೂ ಆಗಬೇಕು. ಆಗ ಗಮ್ಮಿನ ಮೇಲೆ ಗೂಬೆ ಕೂರಿಸಿ ಕಾಲ ಕಳೆಯುವಂತಿಲ್ಲ.

ಪ್ರಶ್ನೆ: ಆರು ವರ್ಷದ ಮಗ ಗಮ್ ನುಂಗಿಬಿಟ್ಟ. ಏಳು ವರ್ಷ ಕರುಳಿಗೆ ಅಂಟಿಕೊಂಡಿರುತ್ತದೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ಬಾಳೆಹಣ್ಣಿಗೆ ತುಪ್ಪ ಹಚ್ಚಿ ತಿನ್ನಿಸುತ್ತಿದ್ದೇನೆ. (ತಾಯಿ, ಶಿವಮೊಗ್ಗ)

ಉತ್ತರ: ಬಾಳೆಹಣ್ಣು ಒಳ್ಳೆಯದು, ತಿನ್ನಲಿ. ಗಮ್ ಯಾರಿಗಾಗಿಯೂ ಏಳು ವರ್ಷ ಕಾಯುವುದಿಲ್ಲ ತಾಯಿ. ಅದರ ಅಂಟು ಜೀರ್ಣವಾಗುವುದಿಲ್ಲ ನಿಜ, ಆದರೆ ಎರಡು ಮೂರು ದಿನದಲ್ಲಿ ಮಲದ ಜೊತೆ ಹೊರಟುಹೋಗುತ್ತದೆ. ದಿನವೂ ಹಲವಾರು ನುಂಗುವ ಮಕ್ಕಳಲ್ಲಿ ಮಾತ್ರ ಅದು ಉಂಡೆಕಟ್ಟಿ ಕರುಳನ್ನು ಅಡ್ಡಗಟ್ಟಬಹುದು, ಅಂಥ ಮಕ್ಕಳ ವರದಿಗಳು 1998ರಷ್ಟು ಹಿಂದೆಯೇ ಬಂದಿವೆ. ಹೊಟ್ಟೆನೋವು, ವಾಂತಿ, ಮಲ ನಿಲ್ಲುವುದು ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ನನಗೆ ಭಯವಿರುವುದು ಹೊಟ್ಟೆಗೆ ಹೋದ ಗಮ್ಮಿನದಲ್ಲ, ಉಸಿರುನಾಳಕ್ಕೆ ಹೋಗುವ ಗಮ್ಮಿನದು. ಉಗುಳಬೇಕೆಂದು ತಿಳಿಯದ ವಯಸ್ಸಿನ ಮಕ್ಕಳ ಕೈಗೆ ಅದನ್ನು ಕೊಡಲೇಬೇಡಿ.

ಪ್ರಶ್ನೆ: ಗಮ್ಮಿನ ಮೇಲೆ 951, 950, 321, 322 ಎಂದೆಲ್ಲ ನಂಬರುಗಳಿವೆ. ಇವು ಕ್ಯಾನ್ಸರ್ ತರುವ ಕೆಮಿಕಲ್‌ಗಳು, 951 ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯೇ ವಿಷವೆಂದು ಘೋಷಿಸಿದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ಜೊತೆಗೆ ಅಂಟಿಗೆ ಹಂದಿ ಕೊಬ್ಬು ಹಾಕುತ್ತಾರಂತೆ. ನಿಜವೇ? (ಓದುಗರು, ಮೈಸೂರು)

ಉತ್ತರ: ವಾರಕ್ಕೆ ಒಬ್ಬರಾದರೂ ಈ ಸಂದೇಶವನ್ನು ನನಗೇ ಕಳಿಸುತ್ತಾರೆ, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ನಂಬರು ಎಂದರೆ ವಿಷವಲ್ಲ. ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಹೆಸರಿರುವ ಪದಾರ್ಥಕ್ಕೆ ಎಲ್ಲ ಕಡೆ ಒಂದೇ ಗುರುತು ಇರಲಿ ಎಂದು ಕೊಟ್ಟದ್ದು. ನಿಮ್ಮ ಸಾರಿಗೆ ಬೀಳುವ ಅರಿಶಿನದಲ್ಲಿರುವ ಬಣ್ಣಕ್ಕೂ ನಂಬರಿದೆ, 100. ನಿಂಬೆಯ ಹುಳಿಗೆ 330. ನೀವು ಬರೆದ 322 ಲೆಸಿಥಿನ್, ಹೆಚ್ಚಾಗಿ ಸೋಯಾದಿಂದ ತೆಗೆದದ್ದು. ಗಮ್ ಗಟ್ಟಿಯಾಗದಂತೆ ಹಾಕುವ ಗ್ಲಿಸರಾಲ್ 422, ಮೇಲಿನ ಹೊಳಪಿಗೆ ತಾಳೆಜಾತಿಯ ಮರದ ಎಲೆಯಿಂದ ತೆಗೆದ ಕಾರ್ನೌಬಾ ಮೇಣ 903. 321 ಎಂಬುದು ಬಿಎಚ್‌ಟಿ, ಅಂಟು ಕೆಡದಂತೆ ಕಾಪಾಡಲು ಅತಿ ಸ್ವಲ್ಪ ಹಾಕುವ ಪದಾರ್ಥ.

ಈಗ 951, ಅಂದರೆ ಆಸ್ಪರ್ಟೇಮ್. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ‘2ಬಿ’ ಗುಂಪಿಗೆ ಸೇರಿಸಿದ್ದು ನಿಜ. ಕ್ಯಾನ್ಸರ್ ತರುವ ಸಾಧ್ಯತೆಗೆ ಸೀಮಿತ ಪುರಾವೆ ಇದೆ, ಖಚಿತವಿಲ್ಲ ಎಂದು ಆ ಗುಂಪಿನ ಅರ್ಥ. ಅದೇ ದಿನ ಆಹಾರ ಸೇರ್ಪಡೆಗಳ ತಜ್ಞಸಮಿತಿ ಹಳೆಯ ಮಿತಿಯನ್ನೇ ಎತ್ತಿಹಿಡಿಯಿತು: ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂವರೆಗೆ. 60 ಕಿಲೋ ತೂಗುವವರಿಗೆ 2,400 ಮಿಲಿಗ್ರಾಂ ಆಯಿತು. ಒಂದು ಗಮ್ಮಿನಲ್ಲಿ ಇರುವುದು ಕೆಲವೇ ಮಿಲಿಗ್ರಾಂ. ಆ ಮಿತಿ ದಾಟುವಷ್ಟು ಗಮ್ ಅಗಿಯುವ ಮೊದಲು ನಿಮ್ಮ ದವಡೆ ಕಳಚುತ್ತದೆ, ಹೊಟ್ಟೆ ಮೇಲೆ ಹೇಳಿದ ಬೆಂಗಳೂರಿನವರಂತೆ ಆಗುತ್ತದೆ. ಸಂದೇಶ ಕಳಿಸಿದವರಿಗೆ ಇನ್ನೊಂದು ಮಾತು ಹೇಳಿ. ಅದೇ ಪಟ್ಟಿಯ 1ನೇ ಗುಂಪಿನಲ್ಲಿ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ ಎಂಬ ಗುಂಪಿನಲ್ಲಿ, ತಂಬಾಕು ಇದೆ, ಮದ್ಯ ಇದೆ, ಅಡಿಕೆಯೂ ಇದೆ. ಬಾಯಿತುಂಬ ಅಡಿಕೆ ಇಟ್ಟುಕೊಂಡು ಆಸ್ಪರ್ಟೇಮ್ ಬಗ್ಗೆ ಎಚ್ಚರಿಸುವವರನ್ನು ದಿನವೂ ನೋಡುತ್ತೇನೆ.

ಆಸ್ಪರ್ಟೇಮ್ ಮುಟ್ಟಬಾರದವರು ಇದ್ದಾರೆ. ಫಿನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟುಕಾಯಿಲೆ ಇರುವವರ ಮೈಯಲ್ಲಿ ಫಿನೈಲ್‌ಅಲನಿನ್ ಸಂಗ್ರಹವಾಗಿ ಮೆದುಳನ್ನು ಕೆಡಿಸುತ್ತದೆ, ಆಸ್ಪರ್ಟೇಮ್ ಒಡೆದಾಗ ಅದು ಬಿಡುಗಡೆಯಾಗುತ್ತದೆ. ಪೊಟ್ಟಣದ ಮೇಲಿನ ಎಚ್ಚರಿಕೆ ಅವರಿಗಾಗಿ. ಕಾಯಿಲೆ ಅಪರೂಪದ್ದು, ಆದರೂ ಮಗು ಹುಟ್ಟಿದ ಮೊದಲ ವಾರದಲ್ಲಿ ಹಿಮ್ಮಡಿ ಚುಚ್ಚಿ ಮಾಡುವ ರಕ್ತಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಮನೆಯಲ್ಲಿ ಹೆರಿಗೆ ಹತ್ತಿರವಿದ್ದರೆ ಆ ಪರೀಕ್ಷೆ ಕೇಳಿ ಮಾಡಿಸಿ.

ಎಲ್ಲ ನಂಬರೂ ಒಳ್ಳೆಯದೇ ಎಂದು ನಾನು ಹೇಳುತ್ತಿಲ್ಲ. ಬಿಳುಪಿಗಾಗಿ ಹಾಕುವ ಟೈಟಾನಿಯಂ ಡೈಆಕ್ಸೈಡ್ (171) ಅನ್ನು ಐರೋಪ್ಯ ಒಕ್ಕೂಟ 2022ರಲ್ಲಿ ಆಹಾರದಿಂದ ತೆಗೆಸಿತು. ಬರೀ ಅಂದಕ್ಕಾಗಿ ಹಾಕುವ ಪದಾರ್ಥ ಅದು, 171 ಕಂಡರೆ ಪೊಟ್ಟಣ ಅಲ್ಲೇ ಬಿಟ್ಟು ಬೇರೆಯದು ಕೊಳ್ಳಿ.

ಇನ್ನು ಅಂಟು. ‘ಗಮ್ ಬೇಸ್’ ಎಂಬ ಎರಡೇ ಪದದೊಳಗೆ ಆಹಾರಕ್ಕೆ ಒಪ್ಪಿಗೆಯಾದ ಕೃತಕ ರಬ್ಬರು, ಪಾಲಿವಿನೈಲ್ ಅಸಿಟೇಟ್, ರಾಳ, ಮೇಣ, ಸುಣ್ಣದ ಪುಡಿಯ ಕ್ಯಾಲ್ಸಿಯಂ ಕಾರ್ಬೊನೇಟ್ ಇಷ್ಟೂ ಅಡಗಿರಬಹುದು. ಹೌದು, ನೀವು ಅಗಿಯುವುದು ಒಂದು ಬಗೆಯ ಪ್ಲಾಸ್ಟಿಕ್. ನುಂಗುವುದಕ್ಕಲ್ಲ ಎಂಬುದು ಅದಕ್ಕೇ. ಪ್ರಾಣಿಮೂಲದ ಪದಾರ್ಥ ಇದ್ದರೆ ನಮ್ಮ ದೇಶದಲ್ಲಿ ಹಸಿರು ಚುಕ್ಕಿ ಹಾಕುವಂತಿಲ್ಲ, ಕಂದು ಗುರುತು ಹಾಕಬೇಕು. ಕೆಲವು ಗಮ್ಮುಗಳಲ್ಲಿ ಜೆಲಾಟಿನ್ ಇರುತ್ತದೆ. ವಿದೇಶದಿಂದ ಬಂಧುಗಳು ತಂದ ಪೊಟ್ಟಣದಲ್ಲಿ ನಮ್ಮ ಗುರುತು ಇರುವುದಿಲ್ಲ, ಪಟ್ಟಿಯನ್ನೇ ಓದಬೇಕು.

ಪ್ರಶ್ನೆ: ನಿವೃತ್ತ ಶಿಕ್ಷಕ, 61 ವರ್ಷ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಬಾಯಿ ಸದಾ ಒಣಗುತ್ತದೆಂದು ಶುಗರ್‌ಫ್ರೀ ಗಮ್ ಅಗಿಯುತ್ತೇನೆ. ಅದರಿಂದ ಶುಗರ್ ಏರುತ್ತದೆಯೇ? ಶುಗರ್ ಇಳಿದು ಕೈ ನಡುಗಿದಾಗಲೂ ಇರಲೆಂದು ಅದನ್ನೇ ಜೇಬಿನಲ್ಲಿಟ್ಟುಕೊಂಡಿರುತ್ತೇನೆ. (ಹಾವೇರಿ)

ಉತ್ತರ: ಮೇಷ್ಟ್ರೇ, ನಿಮ್ಮ ಕೊನೆಯ ವಾಕ್ಯ ಓದಿ ನನ್ನ ಕೈ ನಡುಗಿತು. ಶುಗರ್ ಇಳಿದಾಗ ಶುಗರ್ ಇಲ್ಲದ ಗಮ್ ಏನು ಮಾಡೀತು? ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ. ಮೂರು ಟೀ ಚಮಚ ನೀರಿಗೆ ಹಾಕಿ ಕುಡಿಯಿರಿ, ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಿ. ಅಕಾರ್ಬೋಸ್ ಅಥವಾ ವೊಗ್ಲಿಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಅಡುಗೆಮನೆಯ ಸಕ್ಕರೆ ಬೇಗ ಏರುವುದಿಲ್ಲ, ಗ್ಲೂಕೋಸೇ ಬೇಕು. ಕೈ ನಡುಗುವುದು ಆಗಾಗ ಆಗುತ್ತಿದ್ದರೆ ಮಾತ್ರೆಯ ಪ್ರಮಾಣ ಬದಲಾಗಬೇಕು, ವೈದ್ಯರಿಗೆ ಹೇಳಿ.

ಮೊದಲ ಪ್ರಶ್ನೆಗೆ: ದಿನಕ್ಕೆ ಎರಡು ಮೂರು ಗಮ್ಮಿನಿಂದ ಶುಗರ್ ಏರುವುದು ಗೊತ್ತೇ ಆಗದಷ್ಟು ಕಡಿಮೆ. ಪಾಲಿಯಾಲ್‌ಗಳಲ್ಲೂ ಕ್ಯಾಲೊರಿ ಇದೆ, ಸಕ್ಕರೆಗಿಂತ ಕಡಿಮೆ ಅಷ್ಟೇ. ಏರಿಸುವುದು ಗಮ್ಮಲ್ಲ, ‘ಶುಗರ್‌ಫ್ರೀ’ ಚೀಟಿ ಅಂಟಿಸಿದ ಬೇಕರಿ ಮೈಸೂರ್‌ಪಾಕ್, ಬಿಸ್ಕತ್ತು. ಸಕ್ಕರೆ ಇಲ್ಲದಿದ್ದರೂ ಹಿಟ್ಟು, ತುಪ್ಪ ಎಲ್ಲಿಗೆ ಹೋಗುತ್ತವೆ?

ಈಗ ನೀವು ಕೇಳದ ಪ್ರಶ್ನೆ. ಬಾಯಿ ಯಾಕೆ ಒಣಗುತ್ತಿದೆ? ಗಮ್ ಅಗಿದರೆ ಜೊಲ್ಲು ಸುರಿಯುತ್ತದೆ, ಹಾಯೆನಿಸುತ್ತದೆ, ಕಾರಣ ಹಾಗೇ ಒಳಗೆ ಉಳಿಯುತ್ತದೆ. ಶುಗರ್ ಹತೋಟಿ ತಪ್ಪಿದ್ದರೆ ಬಾಯಿ ಒಣಗುತ್ತದೆ. ಅಲರ್ಜಿ ಮಾತ್ರೆ, ಕೆಲವು ಬಿಪಿ ಮಾತ್ರೆ, ಖಿನ್ನತೆಯ ಮಾತ್ರೆಗಳಿಂದಲೂ ಒಣಗುತ್ತದೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಕೊನೆಯ ಸಲ ಯಾವಾಗ ಮಾಡಿಸಿದಿರಿ? ನೆನಪಿಲ್ಲವೆಂದರೆ ನಾಳೆಯೇ ಮಾಡಿಸಿ. ಜೊತೆಗೆ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್, ಕಣ್ಣಿನ ಪರದೆಯ ಪರೀಕ್ಷೆ. ಹತ್ತು ವರ್ಷದ ಸಕ್ಕರೆ ಕಾಯಿಲೆಗೆ ಇವು ಹೆಚ್ಚಲ್ಲ. ಖಾಲಿ ಹೊಟ್ಟೆಯ ರಕ್ತಪರೀಕ್ಷೆಗೆ ಹೋಗುವ ಬೆಳಿಗ್ಗೆ ಶುಗರ್‌ಫ್ರೀ ಗಮ್ಮೂ ಬೇಡ, ನೀರು ಮಾತ್ರ.

ಪ್ರಶ್ನೆ: ಸಿಸೇರಿಯನ್ ಆದ ಮಧ್ಯಾಹ್ನವೇ ನರ್ಸ್ ಸೊಸೆಗೆ ಚ್ಯೂಯಿಂಗ್ ಗಮ್ ಕೊಟ್ಟರು. ಬಾಣಂತಿಗೆ ಇಂಥದ್ದೆಲ್ಲ ಕೊಡಬಹುದೇ? ಶೀತವಾಗುವುದಿಲ್ಲವೇ? (ಅತ್ತೆ, ದಾವಣಗೆರೆ)

ಉತ್ತರ: ಶೀತವಾಗುವುದಿಲ್ಲ ಅಮ್ಮಾ. ಶಸ್ತ್ರಚಿಕಿತ್ಸೆಯ ನಂತರ ಕರುಳು ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಅಗಿಯುವಾಗ ಊಟ ಬರುತ್ತಿದೆ ಎಂದು ತಿಳಿದು ಅದು ಎಚ್ಚರಗೊಳ್ಳುತ್ತದೆ. ಗಮ್ ಅಗಿದ ಬಾಣಂತಿಯರಿಗೆ ಕೆಲವು ಗಂಟೆ ಮೊದಲೇ ಗಾಳಿ ಹೋಗುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ನರ್ಸ್ ಮಾಡಿದ್ದು ಸರಿ. ಸೊಸೆಯ ಹಿಮೋಗ್ಲೋಬಿನ್ ಎಷ್ಟಿದೆ ಎಂದು ಕೇಳಿದಿರಾ? ಅದನ್ನು ಕೇಳಿ.

ಪ್ರಶ್ನೆ: ಗುಟ್ಕಾ ಬಿಟ್ಟು ಎರಡು ತಿಂಗಳಾಯಿತು. ಬದಲಿಗೆ ಪುದೀನ ಗಮ್ ಅಗಿಯುತ್ತೇನೆ, ಚಟ ಹತ್ತೀತೇ? ಖಾರ ತಿಂದರೆ ಬಾಯಿ ಉರಿಯುತ್ತದೆ. (ಕೊಪ್ಪಳ)

ಉತ್ತರ: ಗುಟ್ಕಾ ಬಿಟ್ಟ ನಿಮಗೆ ಯಾವ ಗಮ್ಮನ್ನೂ ಬೇಡವೆನ್ನುವುದಿಲ್ಲ, ಶುಗರ್‌ಫ್ರೀ ಆಗಿದ್ದರೆ ಸಾಕು. ಆಸೆ ತಡೆಯಲಾಗದಿದ್ದರೆ ನಿಕೋಟಿನ್ ಗಮ್ ಬೇರೆಯೇ ಇದೆ, 2 ಮತ್ತು 4 ಮಿಲಿಗ್ರಾಂನದ್ದು. ಅದು ಔಷಧ, ಒಂದೇ ಸಮನೆ ಅಗಿಯುವುದಲ್ಲ. ನಾಲಿಗೆ ಚುರುಗುಟ್ಟುವವರೆಗೆ ಅಗಿದು ಕೆನ್ನೆಯ ಸಂದಿಯಲ್ಲಿಡಬೇಕು, ಚುರುಕು ಇಳಿದ ಮೇಲೆ ಮತ್ತೆ ಅಗಿಯಬೇಕು. ಸಲಹೆಗೆ ಸರಕಾರದ ಉಚಿತ ಸಹಾಯವಾಣಿ 1800-11-2356.

ಖಾರಕ್ಕೆ ಬಾಯಿ ಉರಿಯುವುದನ್ನು ಮಾತ್ರ ಹಗುರವಾಗಿ ನೋಡಲಾರೆ. ಬಾಯಿ ತೆರೆದು ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ತೂರಿಸಿ. ತೂರದಿದ್ದರೆ, ಕೆನ್ನೆಯ ಒಳಗೆ ಬಿಳಿಚಿಕೊಂಡು ಗಡುಸಾಗಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಎರಡು ವಾರಕ್ಕೂ ಮಾಯದ ಹುಣ್ಣಿದ್ದರೆ ದಂತವೈದ್ಯರಿಗೆ ಈ ವಾರವೇ ತೋರಿಸಿ. ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕೆಂದರೆ ಹಿಂಜರಿಯಬೇಡಿ. ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಎನ್ನುವವರ ಮಾತು ಕೇಳಿ ತಡಮಾಡಿದವರು ನನ್ನ ಬಳಿ ಬರುವ ಹೊತ್ತಿಗೆ ಕೊರಳಿನ ಗಂಟು ಕೈಗೆ ಸಿಗುತ್ತಿರುತ್ತದೆ.

ಪ್ರಶ್ನೆ: ನಮ್ಮ ನಾಯಿ ಕ್ಸೈಲಿಟಾಲ್ ಗಮ್ಮಿನ ಡಬ್ಬಿಯನ್ನೇ ತಿಂದಿತು. ಹಲ್ಲಿಗೆ ಒಳ್ಳೆಯದೆಂದು ಓದಿದ್ದೆ. (ಉಡುಪಿ)

ಉತ್ತರ: ಮನುಷ್ಯರ ಹಲ್ಲಿಗೆ. ಹುಳುಕು ತರುವ ಬ್ಯಾಕ್ಟೀರಿಯಾ ಅದನ್ನು ಅರಗಿಸಿ ಆಮ್ಲ ಮಾಡಲಾರವು, 1970ರ ದಶಕದಲ್ಲಿ ಫಿನ್ಲೆಂಡಿನ ಟುರ್ಕು ನಗರದ ಅಧ್ಯಯನಗಳಿಂದ ಅದಕ್ಕೆ ಹೆಸರು ಬಂತು. ನಾಯಿಯಲ್ಲಿ ಅದು ಇನ್ಸುಲಿನ್ ಉಕ್ಕಿಸಿ ಶುಗರನ್ನು ಪಾತಾಳಕ್ಕಿಳಿಸುತ್ತದೆ, ಯಕೃತ್ತನ್ನೂ ಕೆಡಿಸಬಲ್ಲದು. ಪತ್ರ ತಲುಪುವ ಹೊತ್ತಿಗೆ ನಿಮ್ಮ ನಾಯಿ ಚೆನ್ನಾಗಿದೆ ಎಂದು ನಂಬುತ್ತೇನೆ. ಇಂಥದಕ್ಕೆ ಪತ್ರ ಬರೆಯುತ್ತ ಕೂರಬಾರದು, ತಕ್ಷಣ ಪಶುವೈದ್ಯರಲ್ಲಿಗೆ ಓಡಬೇಕು.

ಪ್ರಶ್ನೆ: ಊಟವಾದ ಮೇಲೆ ಗಮ್ ಅಗಿದರೆ ರಾತ್ರಿ ಹಲ್ಲುಜ್ಜುವುದು ಬೇಡವಲ್ಲವೇ? (ವಿದ್ಯಾರ್ಥಿ, ಧಾರವಾಡ)

ಉತ್ತರ: ಬೇಕು. ಇಪ್ಪತ್ತು ನಿಮಿಷ ಅಗಿದರೆ ಜೊಲ್ಲು ಹೆಚ್ಚಿ ಆಮ್ಲ ತಗ್ಗುತ್ತದೆ, ಹಲ್ಲಿನ ಮೇಲಿನ ಪಾಚಿ ಹೋಗುವುದಿಲ್ಲ.

ಎಲ್ಲರಿಗೂ ಒಂದು ಕೋರಿಕೆ. ಗಮ್ಮಿನಲ್ಲಿ ಏನಿದೆ ಎಂದು ಕೇಳುವ ಮೊದಲು, ಅದು ನಿಮಗೆ ಯಾಕೆ ಬೇಕಾಯಿತು ಎಂದು ಬರೆಯಿರಿ: ಬಾಯಿ ಒಣಗುತ್ತದೆಯೋ, ವಾಸನೆಯೋ, ಎದೆಯುರಿಯೋ, ಚಟವೋ. ಜೊತೆಗೆ ನಿಮ್ಮ ವಯಸ್ಸು, ನುಂಗುತ್ತಿರುವ ಮಾತ್ರೆಗಳ ಹೆಸರು, ದಿನಕ್ಕೆ ಎಷ್ಟು ಗಮ್, ಕೊನೆಯ ರಕ್ತಪರೀಕ್ಷೆಯ ತಾರೀಕು ತಪ್ಪದೆ ತಿಳಿಸಿ. ಇವಿಲ್ಲದ ಪತ್ರಗಳಿಗೆ ಉತ್ತರಿಸುವುದು ಕಷ್ಟ.