ಹಿರಿಯರ ಆರೋಗ್ಯ ಮತ್ತು ಒಡನಾಟ

ವೃದ್ಧಾಪ್ಯವು ರೋಗವಲ್ಲ, ಬಾಳಿನ ಸಹಜವಾದ ಒಂದು ಘಟ್ಟ. ಆ ಘಟ್ಟದಲ್ಲಿ ದೇಹದ ನಿತ್ರಾಣವು ಮನುಷ್ಯನನ್ನು ಎಷ್ಟು ಕುಗ್ಗಿಸುವುದೋ, ತನ್ನನ್ನು ಕೇಳುವವರಿಲ್ಲವೆಂಬ ಭಾವನೆಯೂ ಅಷ್ಟೇ ಕುಗ್ಗಿಸುತ್ತದೆ. ಹೊತ್ತಿಗೆ ಸರಿಯಾಗಿ ಊಟವೂ ಮಾತ್ರೆಯೂ ದೊರೆಯುವ ಮನೆಯಲ್ಲಿಯೂ ಹಿರಿಯರು ಒಂಟಿಗಳಾಗಿರಬಹುದು. ಆದುದರಿಂದ ಅವರ ಆರೋಗ್ಯವನ್ನೂ ಒಡನಾಟವನ್ನೂ ಒಟ್ಟಿಗೆ ವಿಚಾರಿಸುವುದು ಯುಕ್ತ.

ಕಪಿಲೆಯ ದಡದ ನಂಜನಗೂಡು, ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರ, ಈ ಎರಡು ತಾಲ್ಲೂಕುಗಳ ಹಳ್ಳಿಗಳಲ್ಲಿ ಹಿಂದೆ ಹಿರಿಯರಿಗಾಗಿ ಒಡನಾಟವನ್ನು ಯಾರೂ ಏರ್ಪಡಿಸಬೇಕಾಗಿರಲಿಲ್ಲ. ಮನೆಯ ಜಗಲಿ, ಅರಳಿಕಟ್ಟೆ, ಭಜನೆ, ಶ್ರೀಕಂಠೇಶ್ವರನ ದೊಡ್ಡ ಜಾತ್ರೆ, ಸುತ್ತೂರಿನ ಜಾತ್ರೆ ಇವೇ ಅವರನ್ನು ಜನರ ನಡುವೆ ಇರಿಸುತ್ತಿದ್ದವು. ಬಿತ್ತನೆಗೂ ಬಾಣಂತಿಯ ಆರೈಕೆಗೂ ಅವರ ಮಾತು ಬೇಕಾಗಿತ್ತು. ಜಾತ್ರೆಗಳು ಇಂದಿಗೂ ನಡೆಯುತ್ತಿವೆ. ಆದರೆ ಜಗಲಿಗಳು ಕಡಮೆಯಾಗಿವೆ. ಮಕ್ಕಳು ನಂಜನಗೂಡಿನ ಕಾರ್ಖಾನೆಗಳಿಗೋ ಮೈಸೂರು, ಬೆಂಗಳೂರುಗಳಿಗೋ ದುಡಿಮೆಗೆ ಹೋಗುತ್ತಾರೆ. ಹಗಲೆಲ್ಲ ಮನೆಯಲ್ಲಿ ಉಳಿಯುವವರು ಹಿರಿಯರೊಬ್ಬರೇ.

ಇದನ್ನು ಕೇವಲ ಮನಸ್ಸಿನ ಬೇಸರವೆಂದು ತಳ್ಳಿಹಾಕಲಾಗದು. ಜಗತ್ತಿನ 6 ಜನರಲ್ಲಿ ಒಬ್ಬರನ್ನು ಒಂಟಿತನವು ಬಾಧಿಸುತ್ತಿದೆಯೆಂದೂ, ಅದು ಹೃದ್ರೋಗ, ಪಾರ್ಶ್ವವಾಯು, ಮಧುಮೇಹಗಳ ಅಪಾಯವನ್ನು ಹೆಚ್ಚಿಸುವುದೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2025ರ ವರದಿಯಲ್ಲಿ ತಿಳಿಸಿದೆ. ಮರೆವಿನ ರೋಗಕ್ಕೆ ದಾರಿಮಾಡುವ, ಆದರೆ ತಡೆಯಬಹುದಾದ 14 ಅಂಶಗಳನ್ನು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ಆಯೋಗವು 2024ರಲ್ಲಿ ಹೆಸರಿಸಿತು. ಕಿವಿ ಮಂದವಾಗುವುದು, ದೃಷ್ಟಿ ಕುಂದುವುದು, ಜನಸಂಪರ್ಕ ತಪ್ಪುವುದು ಅವುಗಳಲ್ಲಿ ಸೇರಿವೆ.

ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ. ಕಿವಿ ಮಂದವಾದವರು ಹೇಳಿದುದನ್ನು ಎರಡು ಬಾರಿ ಕೇಳಿ, ಮೂರನೆಯ ಬಾರಿಗೆ ಸಂಕೋಚಪಟ್ಟು ಸುಮ್ಮನಾಗುತ್ತಾರೆ. ಮನೆಯವರು “ಅಜ್ಜನಿಗೆ ಈಚೆಗೆ ಮಾತೇ ಬೇಡ” ಎಂದುಕೊಳ್ಳುತ್ತಾರೆ. ಕಣ್ಣಿಗೆ ಪೊರೆ ಬಂದವರು ಬೀಳುವ ಭಯದಿಂದ ಹೊಸಿಲು ದಾಟುವುದಿಲ್ಲ. ನಡಿಗೆ ನಿಂತರೆ ಕಾಲಿನ ಶಕ್ತಿ ಕುಗ್ಗಿ, ಭಯವು ಮತ್ತಷ್ಟು ಬೆಳೆಯುತ್ತದೆ. ಆದರೆ ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಕಿವಿಯ ಪರೀಕ್ಷೆಗೆ ಮೈಸೂರಿನಲ್ಲಿಯೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ವಯಸ್ಸಾಯಿತೆಂದು ಕೈಬಿಡುವುದೇ ಇಲ್ಲಿ ದೊಡ್ಡ ತಪ್ಪು.

ಸರ್ಕಾರವೂ ಕೆಲವು ಆಸರೆಗಳನ್ನು ಒದಗಿಸಿದೆ. 2007ರ ಕಾಯಿದೆಯು ತಂದೆತಾಯಿಗಳಿಗೆ ಮಕ್ಕಳಿಂದ ಜೀವನಾಂಶ ಪಡೆಯುವ ಹಕ್ಕನ್ನು ನೀಡಿತು. 14567 ಹಿರಿಯರ ಸಹಾಯವಾಣಿಯಾಗಿದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಅಜ್ಜಿಯರು ಟಿಕೆಟ್ಟಿನ ಹಣವಿಲ್ಲದೆ ಮಗಳ ಊರಿಗೋ ದೇವರ ದರ್ಶನಕ್ಕೋ ಹೋಗಿಬರುವಂತಾಯಿತು. ಆದರೆ ಕಾನೂನು ಜೀವನಾಂಶವನ್ನು ಕೊಡಿಸಬಲ್ಲದೇ ಹೊರತು ಪಕ್ಕದಲ್ಲಿ ಕುಳಿತು ಮಾತನಾಡಿಸಲಾರದು.

ಆ ಭಾಗವು ಮನೆಯವರದು, ಅದರಲ್ಲಿಯೂ ವಿದ್ಯಾರ್ಥಿಗಳದು. ಶಾಲೆಯಿಂದ ಬಂದೊಡನೆ ಹಿರಿಯರ ಎದುರಿಗೆ ಕುಳಿತು, ಕೂಗಾಡದೆ, ನಿಧಾನವಾಗಿ ಸ್ಪಷ್ಟವಾಗಿ ಮಾತನಾಡಬೇಕು. ಸಂಜೆ ಅವರೊಡನೆ ಸ್ವಲ್ಪ ದೂರ ನಡೆಯಬೇಕು. ರಕ್ತದೊತ್ತಡದ ಮಾತ್ರೆ ತೀರಿದೆಯೇ ಎಂದು ನೋಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಜೊತೆಯಾಗಿ ಹೋಗಬೇಕು. ಊರಿನ ಕೆರೆ, ಹೊಲ, ತೋಪುಗಳ ಹೆಸರುಗಳನ್ನು ಅವರಿಂದ ಕೇಳಿ ಬರೆದುಕೊಳ್ಳಬೇಕು.

ಕಾಯಕಕ್ಕೆ ವಯಸ್ಸಿನ ಮಿತಿಯಿಲ್ಲ. ಹೂ ಕಟ್ಟುವುದು, ಕಾಳು ಹಸನು ಮಾಡುವುದು, ಮಗುವಿಗೆ ಕಥೆ ಹೇಳುವುದು ಇವುಗಳಲ್ಲಿ ಕೈಲಾದುದನ್ನು ಹಿರಿಯರಿಗೆ ಬಿಡಬೇಕು. “ಸುಮ್ಮನೆ ಕುಳಿತಿರಿ” ಎಂಬ ಮಾತು ಅಕ್ಕರೆಯದಾದರೂ ಅವರನ್ನು ಮೂಲೆಗೆ ಸೇರಿಸುತ್ತದೆ. “ಇದನ್ನು ಹೇಗೆ ಮಾಡುವುದು, ಸ್ವಲ್ಪ ತೋರಿಸಿಕೊಡಿ” ಎಂಬ ಮಾತು ಅವರನ್ನು ಮನೆಯ ನಡುವೆ ಕುಳ್ಳಿರಿಸುತ್ತದೆ.