ಹಳೇ ಗಾಡಿ ಎಳೆಯುತ್ತಿಲ್ಲವೇ? ಪ್ಲೇಟ್ ಹಾಕಿಸುವ ಮುನ್ನ ಇಷ್ಟು ಮಾಡಿ

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯಲ್ಲಿ ಬಿಎಸ್-3, ಬಿಎಸ್-4 ಕಾಲದ ಬೊಲೆರೊ, ಸುಮೊ, ಪಿಕಪ್‌ಗಳು ಇಂದಿಗೂ ದುಡಿಯುತ್ತಿವೆ. ಅವುಗಳ ಮಾಲೀಕರ ದೂರು ಒಂದೇ: “ಎಕ್ಸಲೇಟರ್ ಒತ್ತಿದ್ರೂ ಗಾಡಿ ಎಳೀವಲ್ದು.” ಮಕ್ತಲ್‌ನಿಂದ ರಾಯಚೂರಿಗೆ ಹೋಗುವಾಗ ಲಾರಿಯನ್ನು ಹಿಂದಿಕ್ಕಲು ಹೊರಟ ಗಳಿಗೆಯಲ್ಲೇ ಎಂಜಿನ್ ತಡವರಿಸಿದರೆ ಜೀವಕ್ಕೇ ಅಪಾಯ. ಹೊಗೆ ತಗ್ಗಿಸಲೆಂದು ಕೂಡಿಸಿದ ಭಾಗಗಳು ಇಂಗಾಲ ಕಟ್ಟಿಕೊಂಡಾಗಲೂ ಹೀಗಾಗುತ್ತದೆ.

1. ಅಗ್ಗದ ಕೆಲಸ ಮೊದಲು. ಹತ್ತಿ, ಭತ್ತದ ಸುಗ್ಗಿಯಲ್ಲಿ ಹೊಲದ ದಾರಿಯ ಧೂಳು ಏರ್ ಫಿಲ್ಟರನ್ನು ಬೇಗ ಕಟ್ಟಿಸುತ್ತದೆ. ಅದನ್ನು ನೋಡಿ. ಡೀಸೆಲ್ ಫಿಲ್ಟರ್‌ನಲ್ಲಿ ನಿಂತ ನೀರು ಹೊರಬಿಡಿ.

2. ಇಜಿಆರ್ ವಾಲ್ವ್ ಮಾಡುವ ಕೆಲಸ ತಿಳಿದುಕೊಳ್ಳಿ. ಸೈಲೆನ್ಸರ್‌ಗೆ ಹೋಗುವ ಹೊಗೆಯಲ್ಲಿ ಒಂದಿಷ್ಟನ್ನು ಇದು ಮತ್ತೆ ಎಂಜಿನ್‌ಗೆ ಕಳಿಸುತ್ತದೆ. ಅದರಿಂದ ಉರಿಯ ಶಾಖ ಇಳಿದು ನೈಟ್ರೋಜನ್ ಆಕ್ಸೈಡ್ ಕಡಿಮೆಯಾಗುತ್ತದೆ. ಆದರೆ ಮಸಿಯೂ ಎಣ್ಣೆಯ ಆವಿಯೂ ಸೇರಿ ಅಂಟಾಗಿ ವಾಲ್ವ್ ತೆರೆದೇ ಸಿಕ್ಕಿಕೊಂಡರೆ ಎಂಜಿನ್‌ಗೆ ಸಾಕಷ್ಟು ಹೊಸ ಗಾಳಿ ಸಿಗುವುದಿಲ್ಲ. ಪಿಕಪ್ ಹೋಗುತ್ತದೆ, ಕಪ್ಪು ಹೊಗೆ ಬರುತ್ತದೆ. ಊರೊಳಗೇ ನಿಧಾನವಾಗಿ ಓಡುವ ಗಾಡಿಗಳಲ್ಲಿ ಈ ಮಸಿ ಹೆಚ್ಚು.

3. ವ್ಯಾಕ್ಯೂಮ್ ಪೈಪುಗಳನ್ನು ಬೆರಳಿಂದ ಬಾಗಿಸಿ ನೋಡಿ. ಇಲ್ಲಿನ ಬೇಸಿಗೆಗೂ ಎಂಜಿನ್ ಶಾಖಕ್ಕೂ ರಬ್ಬರ್ ಬಿರುಕು ಬಿಡುತ್ತದೆ. ಕೆಲವು ಗಾಡಿಗಳಲ್ಲಿ ಇಜಿಆರ್ ಜೊತೆಗೆ ಟರ್ಬೊ ಕೂಡ ಅದೇ ವ್ಯಾಕ್ಯೂಮ್ ಮೇಲೆ ನಡೆಯುವುದರಿಂದ ಒಂದು ಸಣ್ಣ ಬಿರುಕು ಇಡೀ ಗಾಡಿಯನ್ನು ಬಲಹೀನ ಮಾಡಬಲ್ಲದು. ಪೈಪಿನ ಬೆಲೆ ತೀರಾ ಕಡಿಮೆ. ಮೊದಲು ಬದಲಿಸಬೇಕಾದ ವಸ್ತು ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

4. ಪರೀಕ್ಷೆ ಮಾಡಿ. ವ್ಯಾಕ್ಯೂಮ್‌ನಿಂದ ನಡೆಯುವ ಇಜಿಆರ್ ಇದ್ದರೆ ಅದರ ಪೈಪ್ ತೆಗೆದು, ತುದಿ ಮುಚ್ಚಿ, ಸ್ವಲ್ಪ ದೂರ ಓಡಿಸಿ. ಗಾಡಿ ಚೆನ್ನಾಗಿ ಎಳೆದರೆ ದೋಷ ವಾಲ್ವ್ ನಡೆಸುವ ಸೊಲೆನಾಯ್ಡ್ ಅಥವಾ ಅದರ ವೈರಿಂಗ್ ಕಡೆ ಇರಬಹುದು. ಎಳೆಯದಿದ್ದರೆ ವಾಲ್ವೇ ಸಿಕ್ಕಿಕೊಂಡಿರಬಹುದು, ಇಲ್ಲವೇ ಕಾರಣ ಬೇರೆಡೆ ಇದೆ. ಪರೀಕ್ಷೆ ಮುಗಿದ ಕೂಡಲೇ ಪೈಪ್ ಮೊದಲಿನಂತೆ ಜೋಡಿಸಿ.

5. ಬಿಚ್ಚಿ ತೊಳೆಯಿರಿ. ಎಂಜಿನ್ ತಣ್ಣಗಾದ ಮೇಲೆ ವಾಲ್ವ್ ಹೊರತೆಗೆದು ಕಾರ್ಬನ್ ಕ್ಲೀನರ್, ನೈಲಾನ್ ಬ್ರಷ್‌ನಿಂದ ಉಜ್ಜಿ. ಮೋಟರ್ ಇರುವ ವಾಲ್ವನ್ನು ದ್ರಾವಣದಲ್ಲಿ ಮುಳುಗಿಸಬೇಡಿ. ಗ್ಯಾಸ್ಕೆಟ್ ಹೊಸದೇ ಹಾಕಿ. ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ತುದಿಗೂ ಮಸಿ ಮೆತ್ತಿರುತ್ತದೆ, ಸೆನ್ಸರ್ ಕ್ಲೀನರ್‌ನಿಂದ ಮೆಲ್ಲಗೆ ತೊಳೆಯಿರಿ. ಸ್ವಲ್ಪ ದಿನಕ್ಕೇ ಮತ್ತೆ ಮಸಿ ಕಟ್ಟಿದರೆ ಇಂಜೆಕ್ಟರ್, ಟರ್ಬೊ ಎಣ್ಣೆ ಸೋರಿಕೆ ನೋಡಿಸಿ.

6. ಪೆಟ್ರೋಲ್ ಗಾಡಿಯಾದರೆ ಆಕ್ಸಿಜನ್ ಸೆನ್ಸರ್, ಕ್ಯಾಟಲಿಟಿಕ್ ಕನ್ವರ್ಟರ್ ನೋಡಿ. ಕನ್ವರ್ಟರ್ ಕಟ್ಟಿಕೊಂಡರೆ ನಿಂತಲ್ಲಿ ಸರಿಯಿದ್ದ ಎಂಜಿನ್ ವೇಗ ಏರಿಸುವಾಗ ಉಸಿರುಗಟ್ಟುತ್ತದೆ.

7. ಸ್ಕ್ಯಾನರ್ ಹಾಕಿಸಿ, ಕೋಡ್ ನಂಬರ್ ಬರೆದಿಟ್ಟುಕೊಳ್ಳಿ. ಅಂದಾಜಿನ ಮೇಲೆ ಭಾಗ ಬದಲಿಸಿದರೆ ದುಡ್ಡು ದಂಡ.

8. ಇಜಿಆರ್‌ಗೆ ತಗಡು, ಅಂದರೆ ಪ್ಲೇಟ್, ಹಾಕಿ ಮುಚ್ಚಿಸಬೇಡಿ. ಕಂಪ್ಯೂಟರ್ ಇರುವ ಎಂಜಿನ್ ಅದನ್ನು ಗುರುತಿಸಿ ಲೈಟ್ ಹೊತ್ತಿಸಬಹುದು, ಶಕ್ತಿಯನ್ನೇ ಕಡಿತಗೊಳಿಸಬಹುದು. ಮುಚ್ಚಿಸಿದರೆ ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡ್ ಹೆಚ್ಚುತ್ತದೆ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ ಮಾಲಿನ್ಯ ಮಾನದಂಡ ಮೀರಿದರೆ 2019ರ ತಿದ್ದುಪಡಿಯ ನಂತರ 10,000 ರೂಪಾಯಿವರೆಗೆ ದಂಡವಿದೆ. ಅದಕ್ಕಿಂತ ಮುಖ್ಯವಾಗಿ, ಆ ಹೊಗೆಯನ್ನು ಕುಡಿಯುವವರು ಬಸ್ ನಿಲ್ದಾಣದಲ್ಲಿ ನಿಂತ ನಮ್ಮ ಮಕ್ಕಳೇ.

ಮುಂದಿನ ಸಲ ಮೆಕ್ಯಾನಿಕ್ “ಪ್ಲೇಟ್ ಹಾಕಿಬಿಡ್ತೀನಿ” ಅಂದರೆ, “ಬ್ಯಾಡಣ್ಣ, ಬಿಚ್ಚಿ ತೊಳೆದು ಕೊಡು” ಅನ್ನಿ.